ಚಿಗರಿಯ ಅಂಗಾಲು

ನಾಯಿಯ ಅಂಗಾಲನ್ನು ನೀವು ಎಂದಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಬಹಳ ಜನ ನೋಡಿರುವುದಿಲ್ಲ. ತಲೆ ಸವರುತ್ತೇವೆ, ಕಿವಿ ಹಿಂಡುತ್ತೇವೆ, ಬಾಲ ನೋಡಿ ಅದರ ಮನಸ್ಸನ್ನೆಲ್ಲ ಓದಿಬಿಟ್ಟೆವು ಎಂದುಕೊಳ್ಳುತ್ತೇವೆ. ಕಾಲನ್ನು ಮಾತ್ರ ಅದರ ಸ್ವಂತ ವ್ಯವಹಾರವೆಂದು ಬಿಟ್ಟುಬಿಡುತ್ತೇವೆ. ನಾನು ಕೆಲವು ವರ್ಷಗಳಿಂದ ದಿನಾ ಸಂಜೆ ಒಂದು ನಾಯಿಯ ನಾಲ್ಕೂ ಅಂಗಾಲು ನೋಡುತ್ತ ಬಂದವಳು. ಈ ವಿಷಯದಲ್ಲಿ ನನ್ನ ತಿಳಿವಳಿಕೆ ನನ್ನ ಬಿ.ಎಡ್. ಪದವಿಗಿಂತ ಗಟ್ಟಿಯಾದದ್ದು.

ನಮ್ಮೂರು ತಾಂಬಾ. ಊರ ಹೊರಗೆ ನಮ್ಮ ನಿಂಬೆ ತೋಟ, ಅದರಾಚೆ ತೊಗರಿ ಹೊಲ. ಎರಡನ್ನೂ ನೋಡಿಕೊಳ್ಳುವವನು ಅಪ್ಪನ ತಮ್ಮ, ನನ್ನ ಕಾಕಾ. ಕಾಕಾನನ್ನು ನೋಡಿಕೊಳ್ಳುವವಳು ಚಿಗರಿ. ಸಣ್ಣ ಹೊಟ್ಟೆ, ಉದ್ದ ಮೂತಿ, ಉದ್ದುದ್ದ ಕಾಲಿನ ಬೇಟೆನಾಯಿ. ತೊಗರಿ ಮೇಯಲು ಬರುವ ಚಿಗರೆಗಳನ್ನು ಹೊಲದ ಆಚೆಗೆ ಅಟ್ಟುವುದು ಅವಳ ಕೆಲಸ. ಹಿಡಿಯುವುದಲ್ಲ, ಅಟ್ಟುವುದು ಅಷ್ಟೇ. ಯಾರನ್ನು ಓಡಿಸಬೇಕೋ ಅವರದೇ ಹೆಸರನ್ನು, ನಮ್ಮ ಕಡೆಯ ಉಚ್ಚಾರದಲ್ಲಿ, ಕಾಕಾ ಅವಳಿಗೆ ಇಟ್ಟಿದ್ದ. ಓಡುವಾಗ ಯಾರು ಚಿಗರೆ, ಯಾರು ನಾಯಿ ಎಂದು ದೂರದಿಂದ ತಿಳಿಯುತ್ತಲೂ ಇರಲಿಲ್ಲ.

ಇನ್ನು ನನ್ನ ಚಟದ ಮಾತು. ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ನಾನು ಕಲಿಸುವ ಸಿಂದಗಿಯ ಸಾಲೆಗೆ ಹೋಗುವ ಬಸ್ಸು ಎಂದು ಎಷ್ಟು ತಡ, ಯಾವ ನಿಂಬೆಗಿಡ ಮೊದಲು ಹೂ ಬಿಟ್ಟಿತು, ಅವ್ವನ ರೊಟ್ಟಿ ಎಂದು ಹೊತ್ತಿತು, ಎಲ್ಲಕ್ಕೂ ತಾರೀಖು ಉಂಟು. "ಈಕಿನ್ನ ಮದುವಿ ಆಗಾಂವ ದಿನಾ ಹಾಜರಿ ಕೊಡಬೇಕಾಕ್ಕತಿ ನೋಡ್ರಿ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ. ಬಂದವರು ಅದಕ್ಕೇ ಹೆದರಿ ಹೋದರೋ ಏನೋ, ಅದನ್ನು ನಾನು ಬರೆದಿಟ್ಟಿಲ್ಲ. ಇಂಥವಳ ಕೈಗೆ ಪದೇ ಪದೇ ಗಾಯ ಮಾಡಿಕೊಳ್ಳುವ ನಾಯಿ ಸಿಕ್ಕರೆ ಏನಾದೀತು? ದಿನಚರಿಯಲ್ಲಿ ಚಿಗರಿಯ ಕಾಲಿಗೆಂದೇ ಕೆಂಪು ಶಾಯಿ ಬಂತು.

ನಾಯಿ ನಮ್ಮ ಹಾಗೆ ಪಾದ ಊರಿ ನಡೆಯುವ ಪ್ರಾಣಿಯಲ್ಲ. ಅದು ನಿಲ್ಲುವುದು ಬೆರಳುಗಳ ಮೇಲೆ. ಹಿಮ್ಮಡಿ ಎಂಬುದು ಹಿಂಗಾಲಿನ ನಡುವೆ ಎಲ್ಲೋ ಮೇಲೆ ಉಳಿದುಬಿಟ್ಟಿದೆ. ಮಲಗಿದ ಕೂಸು ಎದ್ದೀತೆಂದು ತುದಿಗಾಲಲ್ಲಿ ಸರಿಯುವ ತಾಯಿಯ ಹಾಗೆ ನಾಯಿ ಜೀವಮಾನವಿಡೀ ತುದಿಗಾಲಲ್ಲೇ ಇರುತ್ತದೆ. ಆ ಭಾರವನ್ನೆಲ್ಲ ಹೊರುವುದು ಒಣಗಿದ ಕಟಕ ರೊಟ್ಟಿಯಷ್ಟು ಒರಟಾದ ಕೆಲವು ಕಪ್ಪು ಮೆತ್ತೆಗಳು. ನಮ್ಮ ಕಡೆಯ ನೆಲವಂತೂ ಆ ಮೆತ್ತೆಗಳ ಮೇಲೆ ಹಗೆ ಸಾಧಿಸುತ್ತದೆ. ನಿಂಬೆಯ ಟೊಂಗೆ ಸವರಿದಾಗ ನೆಲದ ತುಂಬ ಮುಳ್ಳು. ಬೇಸಿಗೆಯಲ್ಲಿ ಕಪ್ಪು ಎರಿ ಮಣ್ಣು ಬಿರಿದು ಅದರ ಅಂಚು ಹೆಂಚಿನ ಚೂರಿನಂತಾಗುತ್ತದೆ. ಇಂಡಿ ರಸ್ತೆಯ ಡಾಂಬರು ಮಧ್ಯಾಹ್ನ ಕಾದ ಹಂಚು. ಎಲ್ಲಕ್ಕಿಂತ ಕೆಟ್ಟದ್ದು ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆ. ಕುಡುಗೋಲು ಓರೆಯಾಗಿ ಕೊಯ್ಯುವುದರಿಂದ ಒಂದೊಂದು ಬುಡವೂ ನೆಟ್ಟ ಈಟಿ. ಚಪ್ಪಲಿ ಹಾಕಿದ ನಾವೇ ಅಲ್ಲಿ ನೋಡಿ ನೋಡಿ ಕಾಲಿಡುತ್ತೇವೆ. ಚಿಗರಿ ನೆಲ ನೋಡುತ್ತಿರಲಿಲ್ಲ. ಅವಳ ಕಣ್ಣು ಯಾವಾಗಲೂ ಹೊಲದ ಆಚೆ ಅಂಚಿನ ಮೇಲೆ.

ಎಡ ಮುಂಗಾಲಿನ ದೊಡ್ಡ ಮೆತ್ತೆ ಕೂಳೆಗೆ ಸಿಕ್ಕು ಒಮ್ಮೆ ಹರಿಯಿತು, ಹೊಲಿಸಿದೆವು. ಗಾಯ ಕೂಡಿತೆಂದು ಬಿಟ್ಟೆವು, ಅಲ್ಲೇ ಮತ್ತೆ ಹರಿಯಿತು. ಇಂಡಿ ಊರಿನ ದನದ ಡಾಕ್ಟರು ಎರಡನೇ ಸಲ ಹೊಲಿಯುತ್ತ ನನಗೆ ಪಾಠ ಮಾಡಿದರು.

"ಗಾಯ ಮಾಯೋದು ಬ್ಯಾರೆ, ಗಟ್ಟಿ ಆಗೋದು ಬ್ಯಾರೆ ಮೇಡಂ. ಹೊಸಾ ಚರ್ಮ ಹಾಲಿನ ಕೆನಿ ಇದ್ದಂಗ ಇರ್ತೈತಿ. ನೀವು ಅದರ ಮ್ಯಾಲ ಆಕಿನ್ನ ಓಡಿಸಿದ್ರಿ. ಇನ್ನೊಮ್ಮೆ ಇಲ್ಲೇ ಹರದ್ರ ಹೊಲಿಗಿ ನಿಲ್ಲಂಗಿಲ್ಲ. ಆಮ್ಯಾಲ ಈಕಿ ಓಡೋ ಮಾತ ಮರೀರಿ."

ಮರಳುವಾಗ ಕಾಕಾ ಅವಳ ಪಟ್ಟಿ ಕಟ್ಟಿದ ಕಾಲನ್ನು ಮಡಿಲಲ್ಲಿ ಹಿಡಿದುಕೊಂಡೇ ಬಂದ. ಊರು ಹತ್ತಿರ ಬಂದಾಗ, "ಓಡೋದ ಬಿಟ್ರ ಆಕಿ ಬದುಕೂದಾದ್ರೂ ಯಾತಕ್ಕ, ಯವ್ವಾ?" ಎಂದ. ಅಂದು ನಾನು ಶಪಥವನ್ನೇ ತೊಟ್ಟೆ. ಆ ಕಾಲು ಮೂರನೇ ಸಲ ಹರಿಯಬಾರದು. ಚಿಗರಿ ಓಡುತ್ತಲೇ ಇರಬೇಕು.

ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಸಣ್ಣ ಆಸ್ಪತ್ರೆಯೇ ನಡೆಯಿತು. ಸಂಜೆ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಕಾಲು ತೊಳೆಯುವುದು, ಬೆರಳ ಸಂದುಗಳನ್ನು ಬಿಡಿಸಿ ಮುಳ್ಳು ಹುಡುಕುವುದು, ಸಂದಿನಲ್ಲಿ ತೇವ ಉಳಿಯದಂತೆ ಒರೆಸುವುದು. ಗಾಯವಿದ್ದರೆ ಡಾಕ್ಟರು ಕೊಟ್ಟ ಮುಲಾಮು, ಬೆರಳುಗಳ ನಡುವೆ ಹತ್ತಿ, ಮೇಲೆ ಬಿಗಿಯಾಗದ ಪಟ್ಟಿ. ಮಧ್ಯಾಹ್ನ ರಸ್ತೆ ದಾಟಿಸುವ ಮೊದಲು ನನ್ನ ಅಂಗೈ ಹಿಂಬದಿಯನ್ನು ಡಾಂಬರಿನ ಮೇಲಿಡುತ್ತಿದ್ದೆ. ನನಗೆ ತಾಳದಿದ್ದರೆ ಅವಳಿಗೂ ಬೇಡ. ಹೊಸ ಚರ್ಮ ಬಂದ ಮೇಲೆ ಮೊದಲು ಮೆತ್ತನೆ ಮಣ್ಣಿನಲ್ಲಿ ನಡಿಗೆ, ದಿನಕ್ಕಿಷ್ಟಿಷ್ಟು ಹೆಚ್ಚು. ಮೆತ್ತೆ ಕಪ್ಪಾಗಿ ಒರಟಾದ ಮೇಲಷ್ಟೇ ಓಟ.

ಅವ್ವ ತನ್ನ ಪಾಲಿನ ಸೇವೆಯಾಗಿ ಬೂಟು ಹೊಲಿದಳು. ಹಳೆಯ ಚೀಲದ ದಪ್ಪ ಬಟ್ಟೆ, ತಳಕ್ಕೆ ಸೈಕಲ್ ಟ್ಯೂಬು. ಚಿಗರಿ ಅದನ್ನು ಹಾಕಿಕೊಂಡು ಹಸಿ ಸಗಣಿ ತುಳಿದವರ ಹಾಗೆ ಒಂದೊಂದೇ ಕಾಲು ಎತ್ತೆತ್ತಿ ಇಟ್ಟಳು. ಬಾಜು ಹೊಲದ ದ್ಯಾಮಣ್ಣ ಬದುವಿನ ಮೇಲೆ ನಿಂತು ನಕ್ಕ.

"ಬೂಟ್ ಯಾಕವಾ ಮೇಡಂ, ಎತ್ತಿಗಿ ಹೊಡಿಸಿದಂಗ ನಾಲ ಹೊಡಿಸಿಬಿಡು. ಬಾಗೇವಾಡಿ ಸಂತ್ಯಾಗ ನಾಲ ಹೊಡಿಯಾವ್ರು ಸಿಗ್ತಾರ!"

ಕಾಕಾ ಬಿಡುವವನಲ್ಲ. "ಮೊದಲ ನಿನ್ನ ನಾಲಿಗಿಗಿ ಹೊಡಸ್ತೇನಿ ಬಾ. ಅದೂ ಭಾಳ ಓಡತೈತಿ."

ಆ ಬೂಟು ಹೆಚ್ಚು ದಿನ ಬಾಳಲಿಲ್ಲ. ಆದರೆ ಉಳಿದ ಉಪಚಾರಗಳು ಫಲ ಕೊಟ್ಟವು. ಕೆಂಪು ಶಾಯಿ ನಿಧಾನವಾಗಿ ಕಡಿಮೆಯಾಯಿತು. ಒಂದು ವಾರ ಖಾಲಿ, ಒಂದು ತಿಂಗಳು ಖಾಲಿ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮುಳ್ಳಿನ ಸುದ್ದಿಯೂ ಇಲ್ಲ. ಸಂಜೆ ನಾಲ್ಕೂ ಕಾಲು ನೋಡಿ, "ಏನೂ ಇಲ್ಲ ಕಾಕಾ!" ಎಂದು ನಾನು ಕೂಗುತ್ತಿದ್ದೆ. "ನಿನ್ನ ಔಷಧ ಚಲೋ ಐತಿ ಬಿಡವಾ" ಎಂದು ಕಾಕಾ ಹೇಳುತ್ತಿದ್ದ. ಸಾಲೆಯ ಸಹೋದ್ಯೋಗಿಗಳಿಗೂ ನಾನು ಈ ಯಶಸ್ಸನ್ನು ಕೇಳಿಸದೆ ಬಿಡಲಿಲ್ಲ. ಮುದ್ದೇಬಿಹಾಳದಿಂದ ಬರುವ ಗಣಿತದ ಟೀಚರು ತಮ್ಮ ನಾಯಿಗಾಗಿ ನನ್ನ ಉಪ್ಪುನೀರಿನ ಅಳತೆಯನ್ನೇ ಬರೆದುಕೊಂಡು ಹೋದರು.

ಇದರ ನಡುವೆ ಒಂದು ಸಣ್ಣ ಸಂಗತಿ ನಡೆದಿತ್ತು. ಚಿಗರಿ ಮನೆಯ ಫರಶಿ ಕಲ್ಲಿನ ನೆಲದ ಮೇಲೆ ನಡೆದರೆ ಟಕ್ ಟಕ್ ಎಂದು ಸದ್ದು ಬರತೊಡಗಿತು. ನೋಡಿದರೆ ಉಗುರು ಬೆಳೆದಿವೆ. ಅವಳ ಉಗುರು ಕತ್ತರಿಸುವ ಪ್ರಸಂಗ ಅದುವರೆಗೆ ಬಂದಿರಲೇ ಇಲ್ಲ. ಕತ್ತರಿಸಿದೆ, ತಾರೀಖು ಹಾಕಿದೆ, ಮರೆತೆ. ಎಲ್ಲವನ್ನೂ ಬರೆದಿಡುವವರು ಎಲ್ಲವನ್ನೂ ನೋಡುತ್ತಾರೆಂದು ದಯವಿಟ್ಟು ನಂಬಬೇಡಿ.

ಒಂದು ಭಾನುವಾರ ಅವ್ವ ಗೊಳಸಂಗಿಯ ಬೀಗರ ಮನೆಗೆ ಹೋಗಿದ್ದಳು. ಕಾಕಾನ ಬುತ್ತಿ ಹೊಲಕ್ಕೆ ಒಯ್ಯುವ ಪಾಳಿ ನನ್ನದಾಯಿತು. ತೋಟ ದಾಟುವಾಗಲೇ ಢಣಢಣ ಸಪ್ಪಳ. ಹೊಲದ ಅಂಚಿನಲ್ಲಿ ಐದಾರು ಚಿಗರೆಗಳು. ಅವುಗಳ ಹಿಂದೆ ಕಾಕಾ, ಒಂದು ಕೈಯಲ್ಲಿ ಹಳೆಯ ತಾಟು, ಒಂದು ಕೈಯಲ್ಲಿ ಕಟ್ಟಿಗೆ, ಧೋತರ ಮೇಲೆ ಸಿಕ್ಕಿಸಿಕೊಂಡು, ಹೋ ಹೋ ಎಂದು ಏದುಸಿರು ಬಿಡುತ್ತ ಓಡುತ್ತಿದ್ದಾನೆ. ಚಿಗರಿ ಕೊನೆಯ ನಿಂಬೆಗಿಡದ ನೆರಳಲ್ಲಿ ಕುಳಿತಿದ್ದಳು. ಕಿವಿ ನಿಮಿರಿದ್ದವು. ಎಡ ಮುಂಗಾಲು ಒಮ್ಮೆ ನೆಲ ಬಿಟ್ಟು ಮೇಲೆದ್ದಿತು. ಮತ್ತೆ ಅಲ್ಲೇ ಇಳಿಯಿತು.

ಕಾಕಾ ನನ್ನನ್ನು ನೋಡಿ ತಾಟನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅಷ್ಟು ದೊಡ್ಡ ತಾಟು ಹಾಗೆ ಅಡಗುತ್ತದೆಯೇ?

"ಆಕಿ ಯಾಕ ಓಡಲಿಲ್ಲ ಕಾಕಾ?"

"ಕಾಲ ನೋವ ಇಲ್ಲ, ಹೆದರಬ್ಯಾಡ." ಅವನು ಗಿಡದ ಬುಡಕ್ಕೆ ಬಂದು ಕುಳಿತ. "ವಯಸ್ಸ ಆತು. ಮಳಿಗಾಲದಾಗ ಒಂದಿನ ಅರ್ಧಾ ಹೊಲ ಓಡಿ ನಿಂತಳು. ತಿರುಗಿ ನನ್ನ ಮಾರಿ ನೋಡಿದಳು. ಆವತ್ತಿನಿಂದ ನಾನ ಓಡಾಕತ್ತೇನಿ."

"ನನಗ ಒಂದ ಮಾತ ಹೇಳಬಾರದಿತ್ತಾ?"

"ದಿನಾ ಸಂಜಿಕ 'ಏನೂ ಇಲ್ಲ ಕಾಕಾ' ಅಂತ ಅಷ್ಟ ಖುಷಿಲೆ ಒದರ್ತಿದ್ದಿ. ಹೆಂಗ ಹೇಳ್ಲಿ, ಯವ್ವಾ?"

ಬುತ್ತಿ ಬಿಚ್ಚಿದೆವು. ಇಬ್ಬರಿಗೂ ಉಣ್ಣಲಾಗಲಿಲ್ಲ. ಚಿಗರಿ ಮಾತ್ರ ಒಂದು ರೊಟ್ಟಿ ತಿಂದಳು. ಓಡುವ ನಾಯಿಯ ಉಗುರನ್ನು ನೆಲವೇ ತೇಯುತ್ತದೆ, ಕತ್ತರಿ ಬೇಕಾಗುವುದಿಲ್ಲ. ಫರಶಿಯ ಮೇಲಿನ ಆ ಟಕ್ ಟಕ್ ಹೇಳುತ್ತಿದ್ದುದು ಅದನ್ನೇ. ನಾನು ಸದ್ದಿಗೆ ತಾರೀಖು ಹಾಕಿ ಕುಳಿತಿದ್ದೆ. ಆ ವಾರ ಇಂಡಿಗೆ ಒಯ್ದಾಗ ಡಾಕ್ಟರು ಮತ್ತೊಮ್ಮೆ ನೋಡಿ, ಸೊಂಟ ಸೋತಿದೆ, ಎದೆ ದಣಿದಿದೆ, ಇದಕ್ಕೆ ಹೊಲಿಗೆ ಇಲ್ಲ ಎಂದರು. ಅಂಗಾಲನ್ನು ಒತ್ತಿ, "ಇವು ಮಾತ್ರ ಮರಿ ಇದ್ದಂಗ ಅದಾವ ನೋಡ್ರಿ" ಎಂದರು. ಹೊಗಳಿಕೆ ಕೇಳಿ ಅಷ್ಟು ಸಂಕಟವಾದದ್ದು ನನಗೆ ಅದೇ ಮೊದಲು.

ಆಮೇಲೂ ಸಂಜೆಯ ತಪಾಸಣೆ ನಿಲ್ಲಲಿಲ್ಲ. ನೀರು ಕಾಯಿಸಿದ ಸದ್ದಿಗೇ ಅವಳು ಬಂದು ಮಲಗುತ್ತಾಳೆ, ಮೊದಲು ಎಡ ಮುಂಗಾಲು ನೀಡುತ್ತಾಳೆ. ಮೆತ್ತೆಗಳು ಈಗ ರೊಟ್ಟಿಯಂತಿಲ್ಲ, ನೆನೆದ ತೊಗಲಿನಂತಿವೆ. ಕೆಂಪು ಶಾಯಿಯ ಎಲ್ಲ ಪುಟಗಳೂ ಖಾಲಿ. ಖಾಲಿ ಪುಟ ಇಷ್ಟು ಭಾರವಿರುತ್ತದೆಂದು ನಾನು ತಿಳಿದಿರಲಿಲ್ಲ.

ಮೊನ್ನೆ ಸಂಜೆ ಅವಳು ಕಾಲು ನೀಡಿದಾಗ ನನ್ನ ಬೆರಳಿಗೆ ಏನೋ ಚುಚ್ಚಿತು. ಬೆರಳ ಸಂದಿನಲ್ಲಿ ಒಂದು ನಿಂಬೆ ಮುಳ್ಳು.

"ಕಾಕಾ, ಮುಳ್ಳು!" ಎಂದು ಕೂಗಿದೆ. ಮನೆಯಲ್ಲಿ ಕೂಸು ಹುಟ್ಟಿದ ಸುದ್ದಿ ಹೇಳುವ ದನಿ ಅದು.

ಕಾಕಾ ಚಸ್ಮಾ ಹುಡುಕುತ್ತ ಬಂದ. "ಹೌದ? ಎಲ್ಲೈತಿ, ತೋರಸು. ಮುಂಜಾನಿ ತೊಗರಿ ಮೇಯಾಕ ಒಂದ ಚಿಗರಿ ಬಂದಿತ್ತು. ಈಕಿ ಎದ್ದು ಬದುವಿನ ತನಕ ಹೋಗಿ ನಿಂತಿದ್ದಳು. ಅಲ್ಲೇ ತುಳದಿರಬೇಕು." ಚಸ್ಮಾ ತೆಗೆದು ಒರೆಸಿಕೊಂಡ. "ಹೋಗಿದ್ದಳು ನೋಡು."

ಮುಳ್ಳು ತೆಗೆದೆ. ಒಂದು ಹನಿ ರಕ್ತ ಬಂತು, ಉಪ್ಪುನೀರಲ್ಲಿ ತೊಳೆದೆ. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಚಿಗರಿ ಪದ್ಧತಿ ಬಿಡುವವಳಲ್ಲ. ಉಳಿದ ಮೂರು ಕಾಲುಗಳನ್ನೂ ಒಂದಾದ ಮೇಲೊಂದು ನನ್ನ ಮಡಿಲಿಗೆ ನೀಡಿದಳು. ಅವುಗಳಲ್ಲಿ ಏನೂ ಇರಲಿಲ್ಲ. ಆದರೂ ಮೂರನ್ನೂ, ಒಂದೊಂದು ಬೆರಳನ್ನೂ ಬಿಡಿಸಿ, ಬೇಕಾದಷ್ಟು ಹೊತ್ತು ನೋಡಿದೆ.