ನಡುವೆ ಇದ್ದ ನೀರು

ಮಹಾನಂದಾ ಆಂಟಿ, ಇಶಾ ಕೊಳಕ್ಕೆ ಬಿದ್ದ ದಿನ ನೀವು ಅವಳ ಪಕ್ಕದಲ್ಲಿ ಇರಲಿಲ್ಲ. ಅವಳನ್ನು ನೋಡಿಕೊಳ್ಳಿ ಎಂದು ನಿಮಗೆ ಯಾರೂ ಹೇಳಿರಲೂ ಇಲ್ಲ. ಹೇಳಿದ್ದು ನನಗೆ. ಇದು ಗೊತ್ತಿದ್ದೂ ನಾನು ಇಷ್ಟು ವರ್ಷ ತೆಪ್ಪಗಿದ್ದೆ.

‘ಗೊತ್ತಿದ್ದೂ’ ಎಂದು ಬರೆದ ಕೂಡಲೇ ಕೈ ತಡೆಯುತ್ತದೆ. ಯಾವತ್ತಿನಿಂದ ಗೊತ್ತಿತ್ತು — ಕೊಳದ ದಡದಲ್ಲೇ? ಆಸ್ಪತ್ರೆಯಲ್ಲಿ? ಅಥವಾ ಆಮೇಲೆ, ಲೈಬ್ರರಿಯ ಆ ಕ್ಲಾಸಿನಲ್ಲಿ? ಕೆದಕಿದಷ್ಟೂ ಎಲ್ಲ ಕಲಸುಮೇಲೋಗರವಾಗುತ್ತಿದೆ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಆ ಬೇಸಿಗೆಯಲ್ಲಿ ನನಗೆ ಕ್ಯಾಮೆರಾದ ಹುಚ್ಚು ಹಿಡಿದಿತ್ತು. ಕನ್ನಡ ಕೂಟದ ಯಾವ ಹಬ್ಬವಾದರೂ ಫೋಟೋ ತೆಗೆಯುವವಳು ನಾನೇ. ಕ್ಯಾಮೆರಾದ ಜೊತೆಗೆ ಬಂದಿದ್ದ ಪುಟ್ಟ ಲೆನ್ಸು ಸಾಲದು ಅನ್ನಿಸಿ ಅಂಗಡಿಗೆ ಹೋದರೆ ಅಲ್ಲಿ ಒಂದು ಗೋಡೆಯ ತುಂಬ ಲೆನ್ಸು! ಇಡೀ ಕೋಣೆಯನ್ನು ಒಂದೇ ಚಿತ್ರಕ್ಕೆ ತುಂಬಿಸುವ ವೈಡ್, ದೃಶ್ಯವನ್ನು ಹತ್ತಿರಕ್ಕೂ ಎಳೆಯದ, ದೂರಕ್ಕೂ ತಳ್ಳದ ಫಿಫ್ಟಿ, ಹೂವಿನ ಕೇಸರವನ್ನು ಹಲಸಿನ ತೊಳೆಯಷ್ಟು ಮಾಡಿ ತೋರಿಸುವ ಮ್ಯಾಕ್ರೋ, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಉದ್ದನೆಯ ಝೂಮ್. ಅವುಗಳ ಮೇಲಿನ ಅಂಕಿಗಳೊಂದೂ ನನ್ನ ತಲೆಗೆ ಹೋಗಲಿಲ್ಲ. ಗಂಡ ರವಿ ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರು. ಅವನನ್ನು ಕೇಳಿದರೆ, “ಓದ್ಕೊಂಡು ತಗೋ ಮಾರಾಯ್ತಿ” ಅಂದ. ಓದುವ ತಾಳ್ಮೆ ಯಾರಿಗಿದೆ? ಎಲ್ಲಕ್ಕಿಂತ ಉದ್ದವಾಗಿದ್ದುದನ್ನು ಎತ್ತಿಕೊಂಡು ಬಂದೆ.

ಅದರ ಮರುವಾರವೇ ಪಿಕ್‌ನಿಕ್ಕು. ಪಾರ್ಕಿನ ಚಪ್ಪರದ ಕೆಳಗೆ ಬಿಸಿಬೇಳೆ ಭಾತು, ಆಚೆ ಹುಲ್ಲಿನ ಮೇಲೆ ಲೆಮನ್ ಆಂಡ್ ಸ್ಪೂನ್. ನೀವು ಗದ್ದಲದಿಂದ ದೂರ, ಕೊಳ ಒಳಕ್ಕೆ ಬಾಗುವ ಕಡೆ, ಆಚೆ ದಡದ ಮರದ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಗಿರ್ಮಿಟ್‌ಗೆ ಈರುಳ್ಳಿ ಹೆಚ್ಚುತ್ತಿದ್ದಿರಿ. ವಾರವಿಡೀ ಪ್ಲಿಮತ್‌ನ ನಿಮ್ಮ ಮನೆಯಲ್ಲಿ ನಮ್ಮೆಲ್ಲರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ನೀವು. ಗದಗದಿಂದ ಅಮೆರಿಕಕ್ಕೆ ಬಂದು, ಅಂಕಲ್ ಹೋದಮೇಲೆ ಅದನ್ನೇ ನೆಚ್ಚಿಕೊಂಡಿದ್ದವರು. ಶನಿವಾರ ನಿಮಗೆ ರಜ. ಆದರೆ ಅದು ನಮಗ್ಯಾರಿಗೂ ಹೊಳೆಯುತ್ತಿರಲಿಲ್ಲ. ಮಗು ಎಲ್ಲಿ ಅಂದರೆ, ಆಂಟಿ ಇದ್ದಾರಲ್ಲ ಅನ್ನುವುದು ನಮ್ಮೆಲ್ಲರ ಬಾಯಿಗೆ ಬಂದುಬಿಟ್ಟಿತ್ತು.

ಸಹನಾ ಮಾತ್ರ ಅವತ್ತು ಹಾಗೆ ಮಾಡಲಿಲ್ಲ. ನನ್ನ ಪ್ರಾಣದ ಗೆಳತಿ ಅವಳು; ತನ್ನ ಮೂರು ವರ್ಷದ ಮಗಳು ಇಶಾಳ ಕೈಯನ್ನು ನನ್ನ ಕೈಯಲ್ಲಿಟ್ಟು, “ಐದ್ ನಿಮಿಷ ನೋಡ್ಕೊಳ್ಳೇ ಸುಮಾ, ಕಾರಿಂದ ಐಸ್‌ಬಾಕ್ಸ್ ತರ್ತೀನಿ” ಎಂದು ಹೋದಳು.

ಇಶಾ ಬಾತುಕೋಳಿಗಳ ಕಡೆ ನಡೆದಳು. ಬಿಸಿಲು ಅವಳ ಕೂದಲ ಮೇಲೆ ಬಿದ್ದಿತ್ತು. ಹತ್ತಿರದಿಂದ ತೆಗೆಯಲು ಆ ಉದ್ದನೆಯ ಲೆನ್ಸು ಆಗುವುದಿಲ್ಲ — ಹಿಂದೆ ಹೋಗಬೇಕು. ಹೋದೆ. ಇನ್ನೂ ಹೋದೆ. ಪಾರ್ಕಿಂಗ್ ಲಾಟಿನ ಅಂಚಿನವರೆಗೂ ಹೋಗಿ ಒಂದು ಫೋಟೋ ತೆಗೆದೆ, ಚೆನ್ನಾಗಿ ಬಂತೇ ಎಂದು ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ನೋಡುತ್ತ ನಿಂತೆ. ಆಂಟಿ, ಆ ಮಗು ಬಿದ್ದಾಗ ನಾನು ಆ ಮಗುವಿನ ಫೋಟೋ ನೋಡುತ್ತಿದ್ದೆ.

“ಕೂಸು! ಅಯ್ಯೋ, ಕೂಸು!” ಎಂದು ಕೂಗಿದವರು ನೀವು. ದಡದಲ್ಲಿ ಮೀನು ಹಿಡಿಯುತ್ತಿದ್ದ ಅಮೆರಿಕನ್ನನೊಬ್ಬ ಹಾರಿ ಅವಳನ್ನು ಎತ್ತಿದ. ನೀವು ಸೀರೆಯುಟ್ಟುಕೊಂಡೇ ಕೊಳದ ಮೂಲೆಯ ಮೊಣಕಾಲುದ್ದದ ನೀರನ್ನು ದಾಟಿ ಬಂದಿರಿ. ಚಪ್ಪರದಿಂದ ಜನ ಓಡಿ ಬರುವ ಹೊತ್ತಿಗೆ ಇಶಾಳ ಪಕ್ಕದಲ್ಲಿ, ಒದ್ದೆಯಾಗಿ, ಅಳುತ್ತ ನಿಂತಿದ್ದವರು ನೀವು. ನಾನು ಎಲ್ಲರ ಹಿಂದೆ ಬಂದೆ.

ಮಗು ಉಳಿಯಿತು. ಆ ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಬೆಳಿಗ್ಗೆ, ಏನೂ ಭಯವಿಲ್ಲ ಅಂದರು. ಆದರೆ ಅಷ್ಟರೊಳಗೆ ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಪಿಕ್‌ನಿಕ್ಕಿನ ಫೋಟೋ ಹಾಕಿ ಎಂದು ಯಾರೋ ಕೇಳಿದ್ದರು, ನಾನು ಇದ್ದಬದ್ದದ್ದನ್ನೆಲ್ಲ ನೋಡದೆ ಸುರಿದಿದ್ದೆ. ಅದರಲ್ಲಿ ಅದೂ ಇತ್ತು. ನೀರಿನ ಅಂಚಿನಲ್ಲಿ ಇಶಾ. ಅವಳ ಬೆನ್ನ ಹಿಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಕುರ್ಚಿಯಲ್ಲಿ ನೀವು — ತಲೆ ಬಗ್ಗಿಸಿ ಈರುಳ್ಳಿ ನೋಡುತ್ತ. ನಿಮ್ಮಿಬ್ಬರ ನಡುವೆ ನೀರು ಅನ್ನುವುದೇ ಇರಲಿಲ್ಲ. ಜೊಂಡಿನ ಹಿಂದೆ ಒಂದು ಹೊಳಪಿನ ಗೆರೆ, ಅಷ್ಟೇ.

ಸಹನಾ ಆಸ್ಪತ್ರೆಯ ಕಾರಿಡಾರಿನಲ್ಲಿ ಫೋನನ್ನು ನನ್ನ ಮುಖಕ್ಕೆ ಹಿಡಿದಳು.

“ಆಂಟಿ ಪಕ್ಕದಲ್ಲೇ ಇದ್ರಾ? ಅವರ ಹತ್ರ ಬಿಟ್ಟು ಹೋದ್ಯಾ?”

ಆ ಫೋಟೋ ನೋಡಿ ನಾನು ನಿಜವಾಗಿಯೂ ಗಲಿಬಿಲಿಗೊಂಡೆ. ನೀವು ಆಚೆ ದಡದಲ್ಲಿದ್ದಿರಿ ಅಲ್ಲವೇ? ಆದರೆ ಚಿತ್ರದಲ್ಲಿ — ನಾನೇ ತೆಗೆದ ಚಿತ್ರದಲ್ಲಿ — ಇಲ್ಲೇ ಇದ್ದೀರಲ್ಲ? ಕ್ಯಾಮೆರಾ ಸುಳ್ಳು ಹೇಳುತ್ತದೆಯೇ? ಹಾಗಾದರೆ ನನ್ನ ಕಣ್ಣು? ಅಷ್ಟು ಗೊಂದಲದ ಮಧ್ಯೆಯೂ ಒಂದು ವಿಷಯದಲ್ಲಿ ಗೊಂದಲವಿರಲಿಲ್ಲ: ಮಗುವನ್ನು ನಾನು ನಿಮ್ಮ ಹತ್ತಿರ ಬಿಟ್ಟಿರಲಿಲ್ಲ.

“ಹೂಂ” ಅಂದೆ.

ಆ ಒಂದು ‘ಹೂಂ’. ಥೂ, ನನ್ನ ಜನ್ಮಕ್ಕಿಷ್ಟು.

ಆಮೇಲೆ ಯಾರೂ ನಿಮ್ಮನ್ನು ಬೈಯಲಿಲ್ಲ. ನಮ್ಮವರು ಬೈಯುವ ಜಾತಿಯೇ ಅಲ್ಲವಲ್ಲ. “ಆಂಟಿ, ಮಾಂಟೆಸರೀಲಿ ಸೀಟ್ ಸಿಕ್ತು.” “ಆಂಟಿ, ಅತ್ತೆ ಊರಿಂದ ಬರ್ತಿದಾರೆ.” ಒಬ್ಬೊಬ್ಬರೇ ನಯವಾಗಿ ಮಕ್ಕಳನ್ನು ಬಿಡಿಸಿಕೊಂಡರು. ನೀವು ನನಗೆ ಫೋನ್ ಮಾಡಿದಿರಿ.

“ನಾ ಆ ಕಡೀ ದಂಡಿಗೆ ಕೂತಿದ್ನಲ್ಲವಾ ಸುಮಾ? ಫೋಟೋ ತಗದಾಕಿ ನೀನ. ನಿನಗ ಗೊತ್ತಿರಬೇಕಲ್ಲ?”

“ಫೋಟೋದಲ್ಲಿ ಹಾಗೆ ಕಾಣಿಸ್ತಾ ಇಲ್ವಲ್ಲ ಆಂಟಿ...” ಅಂದೆ.

“ಹಂಗಾದ್ರ ನಾನ ಮರ್ತೀನೇನವಾ. ನೀರು ದಾಟಿ ಬಂದೆ ಅಂತ ನೆನಪೈತಿ... ಕೂಸಿನ ಹಿಂದ ಇಳದಿದ್ದೆನೇನೋ. ವಯಸ್ಸಾತು” ಅಂದಿರಿ ನೀವು.

ಜನ ನಿಮ್ಮನ್ನು ನಂಬದೆ ಹೋದದ್ದು ಒಂದು. ನೀವೇ ನಿಮ್ಮನ್ನು ನಂಬದಂತೆ ಮಾಡಿದ್ದು ನಾನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನು ಪ್ರಮಾಣಿಸುವ ಗೋಜಿಗೇ ಹೋಗಲಿಲ್ಲ. ಚಳಿಗಾಲ ಶುರುವಾಗುವ ಮುಂಚೆ ನೀವು ಮನೆ ಖಾಲಿ ಮಾಡಿ, ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ಗೆ, ಮಗನ ಹತ್ತಿರ ಹೊರಟುಹೋದಿರಿ.

ಆ ಚಳಿಗಾಲದಲ್ಲೇ ಲೈಬ್ರರಿಯಲ್ಲಿ ಕ್ಯಾಮೆರಾ ಕ್ಲಾಸಿಗೆ ಸೇರಿದೆ. ಟೀಚರಮ್ಮ ಇಬ್ಬರನ್ನು ಹಾಲಿನ ಈ ತುದಿಗೊಬ್ಬರು, ಆ ತುದಿಗೊಬ್ಬರು ನಿಲ್ಲಿಸಿದರು. ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಇಬ್ಬರ ನಡುವೆ ಮೈದಾನದಷ್ಟು ಜಾಗ. ಹೊರಗಿನ ಉದ್ದ ಕಾರಿಡಾರಿನ ಕೊನೆಯಿಂದ ಝೂಮ್ ಹಾಕಿ ತೆಗೆದರೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಂತೆ! ಎಲ್ಲರೂ ನಕ್ಕರು. ನನಗೆ ಕೊಳದ ಆ ಫೋಟೋ ನೆನಪಾಯಿತು. ಅಬ್ಬಾ, ತಪ್ಪು ಲೆನ್ಸಿನದು — ಎಂದು ಒಂದು ಗಳಿಗೆ ಜೀವ ಹಗುರವೂ ಆಯಿತು, ಸುಳ್ಳು ಯಾಕೆ ಹೇಳಲಿ. ಕೈಯೆತ್ತಿ ಕೇಳಿದೆ, ಹಾಗಾದರೆ ಝೂಮ್ ಲೆನ್ಸು ಸುಳ್ಳು ಹೇಳುತ್ತದಾ ಎಂದು. ಅವರು ತಲೆಯಾಡಿಸಿದರು. ಲೆನ್ಸು ಏನೂ ಮಾಡುವುದಿಲ್ಲ, ಕಂಡದ್ದನ್ನು ದೊಡ್ಡದು ಮಾಡುತ್ತದೆ ಅಷ್ಟೇ. ಅವರಿಬ್ಬರು ಹತ್ತಿರ ಕಾಣಿಸಿದ್ದು ನೀನು ಅವರಿಂದ ಅಷ್ಟು ದೂರ ಹೋಗಿ ನಿಂತದ್ದರಿಂದ, ಎಂದರು.

ನಾನು ದೂರ ಹೋಗಿ ನಿಂತದ್ದರಿಂದ.

ಅವತ್ತೇ ನಿಮಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಫೋಟೋದ ವಿಷಯ ಬಿಡಿಸಿ ಹೇಳಿದರೆ, ಹಾಗಾದರೆ ಮಗುವನ್ನು ಯಾರ ಹತ್ತಿರ ಬಿಟ್ಟಿದ್ದೆ ಎಂದು ಸಹನಾ ಕೇಳಿಯೇ ಕೇಳುತ್ತಾಳೆ. ಅವಳನ್ನು ಕಳೆದುಕೊಳ್ಳುವ ಭಯ. ನಾಳೆ, ನಾಡಿದ್ದು... ಇಶಾ ಈಗ ಮಿಡ್ಲ್ ಸ್ಕೂಲಿನಲ್ಲಿದ್ದಾಳೆ, ನನ್ನನ್ನು ಕಂಡರೆ “ಹಾಯ್ ಸುಮಾ ಆಂಟಿ!” ಎಂದು ಬಂದು ಅಪ್ಪಿಕೊಳ್ಳುತ್ತಾಳೆ. ಅವಳಿಗೆ ಏನೂ ನೆನಪಿಲ್ಲ.

ಹೋದ ತಿಂಗಳು ನಿಮ್ಮ ಮೊಮ್ಮಗಳ ನಾಮಕರಣಕ್ಕೆ ಕರೆದಿರಿ. ನನ್ನನ್ನು! “ಕ್ಯಾಮೆರಾ ತಂದೀಯೇನವಾ?” ಎಂದು ನೀವು ಅಕ್ಕರೆಯಿಂದ ಕೇಳಿದಾಗ, ಮನೆಯಲ್ಲೇ ಬಿಟ್ಟೆ ಅಂದೆ; ಕಾರಿನ ಡಿಕ್ಕಿಯಲ್ಲೇ ಇತ್ತು. ತೊಟ್ಟಿಲಿನ ಹತ್ತಿರ ನಿಮ್ಮ ಸೊಸೆ ಸೀರೆ ಸರಿಮಾಡಿಕೊಳ್ಳಲು ಕೂಸನ್ನು ನಿಮ್ಮ ಕಡೆ ಚಾಚಿದಳು. “ಹಿಡ್ಕೋರಿ ಅತ್ತಿ.” ನೀವು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿರಿ.

“ಬ್ಯಾಡವಾ, ನನ್ನ ಕೈಯಾಗ ಕೊಡಬ್ಯಾಡ. ಪಕ್ಕದಾಗ ಇದ್ದದ್ದೂ ನನಗ ಕಾಣಂಗಿಲ್ಲ.”

ಸುತ್ತಲಿನವರು ತಮಾಷೆ ಎಂದುಕೊಂಡರು. ಸೊಸೆ ನಗಲಿಲ್ಲ, ಇದು ಅವಳಿಗೆ ಅಭ್ಯಾಸವಾಗಿತ್ತು. ಬಂದಿದ್ದ ಎಲ್ಲರ ಕೈಗೂ ಹೋದ ಕೂಸು ಸ್ವಂತ ಅಜ್ಜಿಯ ಕೈಗೆ ಬರಲಿಲ್ಲ. ನಾನು ಹೋಳಿಗೆ ತಿಂದು ಬಂದೆ.

ನಿನ್ನೆ ಸಹನಾಳಿಗೆ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. “ನಿನ್ ಕೈಗೇ ಕೊಟ್ಟಿದ್ದೆ ಕಣೇ” ಅಂದಳು, ಅಷ್ಟೇ. ಎದ್ದು ಒಳಗೆ ಹೋದವಳು ತಿರುಗಿ ಬರಲಿಲ್ಲ. ಇವತ್ತು ಬೆಳಿಗ್ಗೆ ಆ ಕೊಳಕ್ಕೆ ಹೋಗಿ, ನೀವು ಕೂತಿದ್ದಲ್ಲಿ ಕುರ್ಚಿ ಇಟ್ಟು, ಕೊಳದ ಮೂಲೆ ಪೂರ್ತಿ ಕಾಣುವಂತೆ ಹತ್ತಿರದಿಂದ ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಕೆಳಗೆ, ಮಗು ನನ್ನ ಜವಾಬ್ದಾರಿಯಲ್ಲಿತ್ತು, ಆಂಟಿ ಇಲ್ಲಿದ್ದರು ಎಂದು ಬರೆದೆ.

ಶನಿವಾರ ನಿಮ್ಮ ಮನೆಗೆ ಬಂದು ಇದನ್ನೇ ನಿಮ್ಮ ಮಗ ಸೊಸೆಯ ಎದುರಿಗೆ ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಮ್ಮ ನೆನಪು ಸರಿಯಾಗಿತ್ತು ಆಂಟಿ. ನೀರು ಇತ್ತು, ನೀವು ಅದನ್ನು ದಾಟಿಯೇ ಬಂದಿರಿ. ಅಷ್ಟು ಜನರಿದ್ದ ಕಡೆ, ಅಷ್ಟು ದೂರದಿಂದ, ಆ ಕೂಸನ್ನು ಕಂಡವರು ನೀವೊಬ್ಬರೇ.

ಮೊಮ್ಮಗಳನ್ನು ಎತ್ತಿಕೊಳ್ಳಿ.