ಕಂಪನಿ ಬದನೆ

ತರಕಾರಿ ಅಂಗಡಿಯಲ್ಲಿ ನನ್ನಷ್ಟು ಹೊತ್ತು ಬದನೆಕಾಯಿ ನೋಡುತ್ತ ನಿಲ್ಲುವ ಹೆಂಗಸು ಇನ್ನೊಬ್ಬಳಿರಲಾರಳು. ಹುಳುಕು ಹುಡುಕುತ್ತೇನೆಂದು ಅಂಗಡಿಯವನು ತಿಳಿದಿದ್ದಾನೆ. ನಾನು ಹುಡುಕುವುದು ಬಿಳಿ ಗೆರೆ ಎಳೆದ, ಮೊಟ್ಟೆಯಷ್ಟು ದಪ್ಪದ ಒಂದು ಹಸಿರು ಕಾಯನ್ನು. ಅದು ಸಿಗುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹುಡುಕಿ, ಕೊನೆಗೆ ಬೆಂಡೆಕಾಯಿ ತೂಗಿಸಿಕೊಂಡು ಮನೆಗೆ ಬರುತ್ತೇನೆ.

ನಾನು ಕಡೂರಿನಿಂದ ಅಜ್ಜಂಪುರಕ್ಕೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ಹುಡುಗನ ಮನೆಯವರದು ಕಂಪನಿಯಿದೆ ಎಂದು ನಮ್ಮಪ್ಪ ಹೇಳಿದಾಗ ಚಿಮಣಿ, ಸೈರನ್ನು, ಗೇಟಿನಲ್ಲೊಬ್ಬ ಕಾವಲುಗಾರ ಎಲ್ಲವನ್ನೂ ಕಲ್ಪಿಸಿಕೊಂಡಿದ್ದೆ. ಬಂದು ನೋಡಿದರೆ ಸ್ಟೇಷನ್ ರಸ್ತೆಯಲ್ಲಿ ಒಂದು ಪಡಸಾಲೆ, ಗೋಡೆಯುದ್ದಕ್ಕೂ ಮಡಕೆಗಳು, ಚಾಪೆಯ ಮೇಲೆ ನಮ್ಮ ಮಾವ. ಅದು ಕೈತೋಟದ ಬೀಜಗಳ ಕಂಪನಿ. ಮಾವನ ಅಪ್ಪ ಶುರು ಮಾಡಿದ್ದು. ಅಂಗಡಿ ಎಂದು ಬರೆಸಿದರೆ ಜನ ಉಪ್ಪು ಬೆಲ್ಲ ಕೇಳಿಕೊಂಡು ಬರುತ್ತಾರೆಂದು ಕಂಪನಿ ಎಂದು ಬೋರ್ಡು ಬರೆಸಿದರಂತೆ. ಆದರೂ ಕೆಲವರು ಬೆಲ್ಲ ಕೇಳಿಕೊಂಡೇ ಬರುತ್ತಿದ್ದರು.

ಈ ಕಂಪನಿಗೊಂದು ವಿಚಿತ್ರ ಕಟ್ಟಳೆಯಿತ್ತು. ಚಿಟಿಕೆ ಬೀಜ ಕೊಂಡವರು ಮುಂದಿನ ವರ್ಷ ಒಂದು ಹಿಡಿ ಬೀಜ ತಂದುಕೊಡಬೇಕು. ಗಿಡದಲ್ಲಿ ಒಳ್ಳೆಯದೆನಿಸಿದ ಕಾಯಿಗೆ ಬಟ್ಟೆ ಚೂರು ಕಟ್ಟಿ, ಯಾರೂ ಕೀಳದ ಹಾಗೆ ಕಾದು, ಹಳದಿಗೆ ತಿರುಗಿದ ಮೇಲೆ ಬೀಜ ತೊಳೆದು, ಬೂದಿ ಹಚ್ಚಿ ನೆರಳಲ್ಲಿ ಒಣಗಿಸಿ ತರಬೇಕು. ಲೋಕದ ಕಂಪನಿಗಳೆಲ್ಲ ಗಿರಾಕಿ ತಾನೇ ಮಾಲು ಮಾಡಿಕೊಂಡುಬಿಟ್ಟಾನು ಎಂದು ಹೆದರಿದರೆ, ನಮ್ಮದು ಗಿರಾಕಿ ಮಾಡಿದ ಮಾಲನ್ನೇ ನಂಬಿ ಬದುಕಿತ್ತು. ಬಂದ ಬದನೆ ಬೀಜವನ್ನೆಲ್ಲ ಮಾವ ಎರಡೂ ಕೈಯೊಡ್ಡಿ ಇಸಿದುಕೊಂಡು ಒಂದೇ ಮಡಕೆಗೆ ಸುರಿಯುತ್ತಿದ್ದರು. ಯಗಟಿಯ ಒಣನೆಲ ಕಂಡ ಬೀಜವೂ ತರೀಕೆರೆ ಕಡೆಯ ಕೆರೆನೀರು ಕುಡಿದ ಬೀಜವೂ ಬೆರೆತರೆ, ಮಳೆ ಹೇಗೇ ಬರಲಿ, ಒಂದಷ್ಟು ಗಿಡವಾದರೂ ನಿಲ್ಲುತ್ತವೆ ಎನ್ನುವುದು ಅವರ ಶಾಸ್ತ್ರ. ಅದು ಸುಳ್ಳೇನಲ್ಲ. ಕಂಪನಿ ಬದನೆ ಎಂದೇ ಹೆಸರಾದ ಆ ಕಾಯಿ ಕೆಟ್ಟ ವರ್ಷದಲ್ಲೂ ಕೈಕೊಟ್ಟದ್ದಿಲ್ಲ. ನಾನು ಎಣ್ಣೆಗಾಯಿ ಮಾಡುವುದರಲ್ಲಿ ಎತ್ತಿದ ಕೈ ಎಂದು ನೆಂಟರಿಷ್ಟರಲ್ಲಿ ಹೆಸರಾಗಿತ್ತು. ಅದು ನನ್ನ ಕೈಯಲ್ಲ, ಕಾಯಿ ಎಂದು ಕಾಯಿ ಹೋದ ಮೇಲೆ ತಿಳಿಯಿತು.

ಎಂಬತ್ತರ ದಶಕದಲ್ಲಿ ಕಡೂರು, ತರೀಕೆರೆಯ ಅಂಗಡಿಗಳಲ್ಲಿ ಹೈಬ್ರಿಡ್ ಬೀಜದ ಪ್ಯಾಕೆಟ್ಟುಗಳು ಬಣ್ಣದ ಫೋಟೋ ಸಮೇತ ನೇತಾಡತೊಡಗಿದವು. ನಮ್ಮಲ್ಲಿ ಬೀಜ ಕೊಳ್ಳುವವರು ಕಡಿಮೆಯಾದರು. ವಿಚಿತ್ರವೆಂದರೆ ತಂದುಕೊಡುವವರು ಕಡಿಮೆಯಾಗಲಿಲ್ಲ. ಮಡಕೆ ಎಂದಿನಂತೆ ತುಂಬುತ್ತಲೇ ಇತ್ತು.

"ನೋಡಮ್ಮ, ಜನ ನಮ್ಮನ್ನ ಮರ್ತಿಲ್ಲ" ಎಂದು ಮಾವ ಮಡಕೆ ತೋರಿಸಿ ಹಿಗ್ಗುತ್ತಿದ್ದರು. ನಾನೂ ಹಿಗ್ಗಿದೆ. ಮನೆಗೆ ಬೆಂಕಿ ಬಿದ್ದಾಗ ಚಳಿ ಕಾಯಿಸಿಕೊಂಡ ಹಾಗಾಯಿತು ನಮ್ಮ ಬಾಳು.

ಹೀಗೇ ಕೆಲವು ವರ್ಷ ಕಳೆದ ಮೇಲೆ ಯಗಟಿಯ ತಿಮ್ಮಣ್ಣ ಬಸ್ಸಿನಲ್ಲಿ ಒಂದು ಕುಕ್ಕೆ ಕಾಯಿ ಹೊತ್ತುಕೊಂಡು ಬಂದ. ಅವನು ಮಾವನ ಹಳೆಯ ಗಿರಾಕಿ. ಚಾಪೆಯ ಮೇಲೆ ಕಾಯಿ ಸುರಿದ. ನೇರಳೆಯದಿತ್ತು, ಹಾವಿನಂತೆ ಉದ್ದನೆಯದಿತ್ತು, ಬಿಳಿಚಿಕೊಂಡದ್ದಿತ್ತು. ಬಿಳಿ ಗೆರೆಯ ಹಸಿರು ಕಾಯಿ ಒಂದೂ ಇರಲಿಲ್ಲ.

"ಈ ಸಲ ನಿಮ್ ಬೀಜಾನೇ ಹಾಕಿದ್ದು ಕಣ್ರೀ ಯಜಮಾನ್ರೇ. ಹಿಂಗ್ಯಾಕಾಯ್ತು?"

ಮಾವ ಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ಹೋದೊರ್ಸ ನೀನು ತಂದ್ಕೊಟ್ಯಲ್ಲ, ಅದ್ಯಾವ್ ಬೀಜ ತಿಮ್ಮಣ್ಣ?"

"ಪ್ಯಾಕೆಟ್ಟಿಂದು. ಕಾಯಿ ಶಾನೆ ಚೆನ್ನಾಗ್ ಬಿಟ್ಟಿತ್ತು. ಅದ್ರಲ್ಲೂ ಚೆನ್ನಾಗಿರೋದ್ನೇ ಆರ್ಸಿ ಬಟ್ಟೆ ಕಟ್ಟಿದ್ದೆ. ನಮ್ಮೂರಲ್ಲಿ ಎಲ್ರೂ ಹಂಗೇ ತಂದಿದ್ದು. ನಿಮ್ತಾವ ಬೀಜ ತಕ್ಕೊಳ್ಳಿಲ್ಲ ಅಂತ ಬರಿಗೈಲಿ ಬರಕ್ಕಾಯ್ತದಾ?"

ಹೈಬ್ರಿಡ್ ಬೀಜದ ಸ್ವಭಾವ ನಿಮಗೆ ಗೊತ್ತಿರಬಹುದು. ಮೊದಲ ಬೆಳೆ ಫೋಟೋದಲ್ಲಿದ್ದಂತೆಯೇ ಬರುತ್ತದೆ. ಅದರ ಬೀಜ ಹಾಕಿದರೆ ಹುಟ್ಟುವ ಒಂದೊಂದು ಗಿಡವೂ ಒಂದೊಂದು ದಾರಿ ಹಿಡಿಯುತ್ತದೆ. ಬೂದಿ ಹಚ್ಚಿದ ಬದನೆ ಬೀಜವನ್ನು ನೋಡಿ ಇದು ಯಾವ ಕಾಯಿಯದೆಂದು ಯಾರೂ ಹೇಳಲಾರರು. ಅಂಥ ಎಷ್ಟೋ ಹಿಡಿಗಳು ವರ್ಷಗಟ್ಟಲೆ ಆ ಒಂದೇ ಮಡಕೆ ಸೇರಿದ್ದವು. ತಿಮ್ಮಣ್ಣ ಮೋಸ ಮಾಡಿದ್ದರೆ ನಾವು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನು ತನ್ನಲ್ಲಿದ್ದುದರಲ್ಲಿ ಒಳ್ಳೆಯದನ್ನೇ ಆರಿಸಿ ತಂದಿದ್ದ. ಎಲ್ಲರೂ ಹಾಗೆಯೇ ತಂದಿದ್ದರು. ಮಾವ ಅವನಿಗೆ ಕಾಫಿ ಕೊಡಿಸಿ ಬಸ್ಸು ಹತ್ತಿಸಿ ಬಂದರು.

ಆಮೇಲೆ ಅವರು ಊರೂರು ಅಲೆದರು. ಯಾವುದಾದರೂ ಮನೆಯ ಅಟ್ಟದ ಮೇಲೆ ಹಳೆಯ ಬೀಜದ ಒಂದು ಗಂಟಾದರೂ ಉಳಿದಿರಬೇಡವೇ? ಕೊನೆಗೆ ಹಿರೇನಲ್ಲೂರಿಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿನ ಗೌರಮ್ಮ ಎಂಬ ಮುದುಕಿಯ ಹಿತ್ತಿಲಲ್ಲಿ ನಮ್ಮ ಬದನೆ ಬಿಟ್ಟು ಬೇರೆ ಬೆಳೆದದ್ದೇ ಇಲ್ಲ ಎಂದು ಮಾವನಿಗೆ ಭಾರಿ ಭರವಸೆ. ಅಜ್ಜಿ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು.

"ಬೀಜ ನಾನ್ಯಾಕೆ ಮನೇಲಿ ಇಟ್ಕೊಳ್ಳಲಪ್ಪ?" ಎಂದಳು. "ಇರೋದೆಲ್ಲಾ ನಿಂಗೇ ತಂದ್ಕೊಟ್ಟು, ಬಿತ್ತೋಕೆ ನಿನ್ ಹತ್ರಾನೇ ಚಿಟಿಕೆ ತಗೋತಿದ್ನಲ್ಲ. ಇಲಿ ತಿನ್ನತ್ತೆ, ಹುಳ ಹಿಡಿಯತ್ತೆ. ನಿನ್ ಮಡಕೇಲಿದ್ರೆ ಭದ್ರ ಅಂತಿದ್ದೆ."

ಮಾವ ಮಜ್ಜಿಗೆ ಕುಡಿಯಲಿಲ್ಲ. ಇಷ್ಟು ಜನರ ನಂಬಿಕೆಯೇ ಸೇರಿ ಒಂದು ಕಾಯನ್ನು ಭೂಮಿಯ ಮೇಲಿಂದ ಅಳಿಸಿತ್ತಲ್ಲ, ಅದನ್ನು ಯಾವ ಬಾಯಿಂದ ಹೇಳುವುದು?

ಆ ವಾರವೇ ಮಾವ ಮಾರುವುದನ್ನು ನಿಲ್ಲಿಸಿದರು. ಇಸಿದುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಮಳೆಗಾಲಕ್ಕೆ ಮುಂಚೆ ಅವರಿವರು ಬಂದು ಹಿಡಿ ಬಿಚ್ಚುತ್ತಿದ್ದರು; ಇವರು ಎರಡೂ ಕೈಯೊಡ್ಡಿ, "ಒಳ್ಳೇದಾಗ್ಲಿ ಕಣಪ್ಪ" ಎನ್ನುತ್ತಿದ್ದರು. ಬಂದವರು ಹೋದ ಮೇಲೆ ಅದನ್ನು ಹಿತ್ತಿಲಿನ ಕೋಳಿಗಳಿಗೆ ಚೆಲ್ಲುತ್ತಿದ್ದರು.

"ಬೇಡ ಅಂತ ಹೇಳ್ಬಾರ್ದಾ ಮಾವ?" ಎಂದೆ ಒಮ್ಮೆ.

"ಹೇಳಿದ್ರೆ ಬರೋದು ಬಿಟ್ಬಿಡ್ತಾರಲ್ಲಮ್ಮ. ಬೀಜ ಅಂತೂ ಹೋಯ್ತು" ಎಂದರು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ವರ್ಷ ಯಾರೂ ಬರಲಿಲ್ಲ. ಪ್ಯಾಕೆಟ್ಟಿನ ಬೀಜವನ್ನು ಮತ್ತೆ ಬಿತ್ತಿ ಫಲವಿಲ್ಲ, ಕಾಯಿ ಬಿಟ್ಟು ಕಾಯುವುದೂ ದಂಡ ಎಂದು ಅಷ್ಟು ಹೊತ್ತಿಗೆ ಊರಿಗೆಲ್ಲ ಅರ್ಥವಾಗಿತ್ತು. ಮಾವ ಜಗಲಿಯ ಮೇಲೆ ಕೂತು ಇಳಿಹೊತ್ತಿನ ಬಸ್ಸಿನಿಂದ ಇಳಿದವರನ್ನೆಲ್ಲ ನೋಡಿದರು. ಎಲ್ಲರೂ ಕೈ ಬೀಸಿಕೊಂಡು ತಮ್ಮ ತಮ್ಮ ದಾರಿ ಹಿಡಿದರು.

"ಜನ ಬುದ್ಧಿವಂತರಾದ್ರು ಕಣಮ್ಮ" ಎಂದು ಎದ್ದು ಒಳಗೆ ಹೋದರು. ಅವರು ಯಾರನ್ನೂ ಬೈದವರಲ್ಲ. ಅದೊಂದೇ ನಾನು ಅವರ ಬಾಯಲ್ಲಿ ಕೇಳಿದ ಬೈಗುಳ.