ಹಾಲುಕ್ಕಿಸಲು ಅಷ್ಟು ದೂರ

ಹಾಲು ಉಕ್ಕುವುದು ಶುಭವೆಂದು ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರು ಒಲೆ ಒರೆಸಿದವರಲ್ಲ ಎಂಬುದು ಮಾತ್ರ ಖಾತ್ರಿ. ಮದುವೆಯಾಗಿ ಹಾಸನಕ್ಕೆ ಬಂದಾಗಿನಿಂದ ನನ್ನ ಆಯುಷ್ಯದ ದೊಡ್ಡದೊಂದು ಪಾಲು ಹಾಲು ಉಕ್ಕದಂತೆ ಕಾಯುವುದರಲ್ಲೇ ಕಳೆದಿದೆ. ನೀವು ನೋಡುತ್ತಿರುವಷ್ಟು ಹೊತ್ತೂ ಅದು ಕಾನ್ವೆಂಟಿನ ಹುಡುಗಿಯ ಹಾಗೆ ಕೈಕಟ್ಟಿ ಕೂತಿರುತ್ತದೆ. ಸಿಸ್ಟರ್ ಅತ್ತ ತಿರುಗಿದರೆ ಸಾಕು, ಎದ್ದು ಗಲಾಟೆ. ನಾನೂ ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಇದು ಅನುಭವದ ಮಾತು. ಬರ್ನರಿನ ಸಂದಿಯಲ್ಲಿ ಕರಿಕಾದ ಹಾಲನ್ನು ಹಳೆಯ ಟೂತ್‌ಬ್ರಶ್ಶಿನಿಂದ ಕೆರೆಯುವಾಗ ಯಾವ ಲಕ್ಷ್ಮಿಯೂ ನೆನಪಾಗುವುದಿಲ್ಲ.

ಒಂದು ದಿನ ಮಾತ್ರ ಹಾಲು ಉಕ್ಕಲೇಬೇಕು, ಗೃಹಪ್ರವೇಶದ ದಿನ. ನಮ್ಮಲ್ಲಿ ಅವತ್ತು ಉಕ್ಕಿಸುವ ಹಕ್ಕು ಮನೆಯ ಹೆಣ್ಣುಮಗಳದು, ಎಂದರೆ ಯಜಮಾನನ ಅಕ್ಕನದೋ ತಂಗಿಯದೋ. ಸೊಸೆಯಾದವಳು ಪಕ್ಕದಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಲ್ಲಬೇಕು. ಒರೆಸುವ ಹಕ್ಕು ಅವಳಿಗೆ ಮಾರನೆಯ ದಿನದಿಂದ ಸಿಗುತ್ತದೆ.

ನಮ್ಮ ಮನೆಯ ಹಾಲುಕ್ಕಿಸಿದವರು ನನ್ನ ಯಜಮಾನರ ಅಕ್ಕ, ನನಗೆ ರತ್ನತ್ತಿಗೆ. ಅರಕಲಗೂಡಿನಲ್ಲಿ ದೊಡ್ಡ ಭಾವನ ಮನೆಯದೂ ಅವರೇ, ಚನ್ನರಾಯಪಟ್ಟಣದಲ್ಲಿ ಮೈದುನನ ಮನೆಯದೂ ಅವರೇ. ಒಂದೊಂದು ಸಲವೂ ಸೀರೆ, ರವಿಕೆ ಕಣ, ಎಲೆ ಅಡಿಕೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಸಂಜೆಯ ಬಸ್ಸಿಗೆ ತಮ್ಮ ಬಾಡಿಗೆ ಮನೆಗೆ ಹೊರಟುಬಿಡುತ್ತಿದ್ದರು. ಮದುವೆಯಾಗಲಿಲ್ಲ. ತೋಟಗಾರಿಕೆ ಇಲಾಖೆಯಲ್ಲಿ ಅಧಿಕಾರಿಯಾಗಿ, ರೈತರಿಗೆ ಬಿತ್ತನೆ ಆಲೂಗಡ್ಡೆಯ ರೋಗ ತೋರಿಸಿಕೊಡುತ್ತಾ, ವರ್ಗವಾದಲ್ಲೆಲ್ಲ ಟ್ರಂಕು ಹೊತ್ತು ಹೋದವರು. ನಿವೃತ್ತರಾದಾಗ ಹೊಳೆನರಸೀಪುರದಲ್ಲಿ ಬಾಡಿಗೆಗಿದ್ದರು. ಇನ್ನು ಮೂರು ಮನೆಗೂ ಸರದಿಯ ಮೇಲೆ ಬಂದು ಇರುತ್ತಾರೆ ಎಂದು ನಾವೆಲ್ಲ ಅವರನ್ನು ಕೇಳದೆಯೇ ತೀರ್ಮಾನಿಸಿಬಿಟ್ಟಿದ್ದೆವು.

ಯುಗಾದಿಗೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದಾಗ ಅತ್ತಿಗೆ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ, ಪೇಟೆಯಿಂದ ಕೊತ್ತಂಬರಿ ತಂದೆ ಎನ್ನುವಷ್ಟೇ ಸಲೀಸಾಗಿ ಹೇಳಿದರು: "ಪೋರ್ಚುಗಲ್ಲಿನಲ್ಲಿ ಒಂದು ಮನೆ ನೋಡಿದೀನಿ. ಕೊಂಡ್ಕೊಂಡು ಅಲ್ಲೇ ಇರ್ತೀನಿ."

ನನ್ನ ಕೈಯಲ್ಲಿದ್ದ ತುಪ್ಪದ ಚಮಚ ಹಾಗೇ ನಿಂತಿತು. ಹಿಂದಿನ ವರ್ಷ ನಿವೃತ್ತರ ತಂಡವೊಂದರ ಜೊತೆ ಪ್ರವಾಸ ಹೋಗಿ ಬಂದಿದ್ದರು, ನಿಜ. ಎಲ್ಲರೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆ ತಂದರೆ ಇವರು ಮನೆಯನ್ನೇ ಮನಸ್ಸಿನಲ್ಲಿ ತಂದಿದ್ದರೆಂದು ಯಾರಿಗೆ ಗೊತ್ತು? ದೊಡ್ಡ ಭಾವ ಎಲೆಯಿಂದ ತಲೆಯೆತ್ತಿದರು.

"ಅಲ್ಲಿ ಸತ್ರೆ ಹೊರಾಕೆ ಯಾರವ್ರೆ ಕಣಮ್ಮಿ?"

"ಹೊರೋರ್ನ ನೋಡ್ಕಂಡು ಊರು ಹುಡುಕಾಕಾಯ್ತದಾ ಅಣ್ಣಾ? ಅಲ್ಲಿಗಂಟ ನಾನೇ ನಡ್ಕಂಡ್ ಓಡಾಡ್ತೀನಿ."

"ಇಲ್ಲೇನ್ ಕಮ್ಮಿಯಾಗದೆ ನಿಂಗೆ? ಮೂರ್ ಮನೆ ಐತೆ."

"ಅದೇ ಕಣಣ್ಣಾ. ಮೂರೂ ನಿಮ್ದೇ."



ನಿವೃತ್ತರಾದವರು ಪರದೇಶದಲ್ಲಿ ಮನೆ ಕೊಂಡು ನೆಲೆಸುವುದೇಕೆ ಎಂದು ನಾನೂ ಬಹಳ ಯೋಚಿಸಿದೆ. ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವ ಗೆಳತಿಯರಲ್ಲಿ ಒಬ್ಬರು ಹವೆ ಎಂದರು, ಒಬ್ಬರು ಆಸ್ಪತ್ರೆ ಎಂದರು, ಇನ್ನೊಬ್ಬರು ಕೊಬ್ಬು ಎಂದರು. ಅತ್ತಿಗೆಯನ್ನೇ ಕೇಳಿದಾಗ ಅವರು ಹೇಳಿದ ಕಾರಣ ಬೇರೆ. ಅವರು ಮನೆ ನೋಡಿದ್ದು ಗುಡ್ಡದ ಮೇಲಿನ ಸಣ್ಣ ಊರಿನಲ್ಲಿ. ಚಳಿ ನಮ್ಮ ಸಂಕ್ರಾಂತಿಯ ಚಳಿಗಿಂತ ಒಂದು ಸ್ವೆಟರ್ ಹೆಚ್ಚು. ಅಲ್ಲಿ ಸಂತೆಯಲ್ಲಿ ಒಬ್ಬ ಅಜ್ಜಿ ಆಲೂಗಡ್ಡೆ ಮಾರುತ್ತಿದ್ದಳಂತೆ. ಅತ್ತಿಗೆ ಅಭ್ಯಾಸಬಲದಿಂದ ಒಂದನ್ನು ತೆಗೆದು ಉಗುರಿನಲ್ಲಿ ಗೀರಿ ಮೂಸಿದರು. ಅಜ್ಜಿ ಕೂಡಲೇ ಇನ್ನೊಂದನ್ನು ಅರ್ಧಕ್ಕೆ ಕತ್ತರಿಸಿ ತೋರಿಸಿದಳು. ಭಾಷೆ ಬಾರದೆ ಇಬ್ಬರೂ ಅರ್ಧ ಗಂಟೆ ಮಾತಾಡಿದರಂತೆ. "ನನ್ನ ಹೆಸರು ಕೇಳಿದ್ಲು ಕಣೇ. ಯಾರ ಮಗಳು, ಮದುವೆ ಯಾಕಾಗಿಲ್ಲ, ಯಾವ ತಮ್ಮನ ಮನೇಲಿದೀಯ ಅಂತ ಕೇಳ್ಲೇ ಇಲ್ಲ. ಇಲ್ಲಿ ಮನೆ ಕಟ್ಟಿದ್ರೆ ನಾಳೆಯಿಂದ್ಲೇ ಅದು ನೆಂಟರ ಮಕ್ಕಳ ಹಾಸ್ಟೆಲ್ಲು. ಅಲ್ಲಿಗೆ ಬರೋರು ನನ್ನನ್ನೇ ನೋಡೋಕೆ ಬರ್ಬೇಕು."

ಅಷ್ಟಕ್ಕೂ ನಮ್ಮ ಹೊಲಗಳ ಆಲೂಗಡ್ಡೆಯೂ ನಮ್ಮ ಸಾರಿನ ಮೆಣಸಿನಕಾಯಿಯೂ ಒಂದು ಕಾಲಕ್ಕೆ ಆ ಜನರ ಹಡಗುಗಳಲ್ಲೇ ಈ ಕಡೆಗೆ ಬಂದವಂತೆ. ಇದೂ ಅತ್ತಿಗೆ ಹೇಳಿದ್ದೇ. ನಿಮಗೆ ಅಲ್ಲೇನು ಕಮ್ಮಿಯಾಗಿತ್ತು ಎಂದು ಅವುಗಳನ್ನು ಯಾರೂ ಕೇಳಲಿಲ್ಲ. ನನಗೆ ಪದ್ಯ ಕಲಿಸಿದ ಸಿಸ್ಟರ್ ಕೂಡ ಸಮುದ್ರ ದಾಟಿ ಬಂದವರೇ. ನನ್ನ ತವರೂರಿನ ಮಣ್ಣಿನಲ್ಲಿ ಗುಲಾಬಿ ನೆಟ್ಟು, ಮುದ್ದೆಯನ್ನು ಜಗಿಯಬಾರದು ನುಂಗಬೇಕು ಎಂದು ನಮಗೇ ಪಾಠ ಹೇಳುತ್ತಿದ್ದರು. ಬಂದವರನ್ನು ಕಂಡು ಬೀಗುವ ನಾವು ಹೋಗುವವರನ್ನು ಕಂಡರೆ ಯಾಕೆ ಇಷ್ಟು ಕಸಿವಿಸಿಪಡುತ್ತೇವೋ!

ಅತ್ತಿಗೆ ಮನೆ ಕೊಂಡರು, ವಾಸಕ್ಕೆ ಅನುಮತಿಯೂ ಸಿಕ್ಕಿತು. ಹೊರಡುವ ಮೊದಲು ಅರಕಲಗೂಡಿಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಭಾವನ ಮುಂದೆ ಎಲೆ ಅಡಿಕೆಯ ತಟ್ಟೆ ಇಟ್ಟರು. "ಅಣ್ಣಾ, ನಿಮ್ಮೆಲ್ಲರ ಮನೆ ಹಾಲು ನಾನು ಉಕ್ಕಿಸ್ದೆ. ನನ್ ಮನೆ ಹಾಲು ನೀನು ಬಂದು ಉಕ್ಕಿಸ್ಬೇಕು. ನೀನು ಬರೋಗಂಟ ಆ ಮನೇಲಿ ಒಲೆ ಹಚ್ಚಲ್ಲ."

"ಗಂಡಸ್ರು ಆಲುಕ್ಕಿಸಾದು ಎಲ್ಲಾರ ಉಂಟಾ? ಊರೋರು ನಗಲ್ವಾ?"

"ಆ ಊರೋರ್ಗೆ ಗೊತ್ತಾಗಲ್ಲ, ಬಾ."

ಭಾವ ತಟ್ಟೆ ಮುಟ್ಟಲಿಲ್ಲ. ಅತ್ತಿಗೆ ಅದನ್ನು ಅಲ್ಲೇ ಬಿಟ್ಟು ಬಂದರು, ವಾರ ಕಳೆದ ಮೇಲೆ ವಿಮಾನ ಹತ್ತಿದರು. ಹೊಸ ಮನೆಯಲ್ಲಿ ನಿಜವಾಗಿಯೂ ಒಲೆ ಹಚ್ಚಲಿಲ್ಲ. ಬ್ರೆಡ್ಡು, ಹಣ್ಣು, ಮೂಲೆ ಅಂಗಡಿಯ ಸೂಪು. ಫೋನಿನಲ್ಲಿ "ಅಣ್ಣ ಏನಂದ?" ಎಂದು ಕೇಳುವಾಗಲೆಲ್ಲ ಅವರ ದನಿ ಒಂದಿಷ್ಟು ಸಣ್ಣದಾಗುತ್ತಿತ್ತು. ಆಲೂಗಡ್ಡೆಯ ನಾಡಿಗೆ ಹೋಗಿ ಒಂದು ಪಲ್ಯ ಮಾಡಿಕೊಳ್ಳದೆ ಕೂತ ನನ್ನ ಅತ್ತಿಗೆಯ ಹಟ ನೆನೆದು ನನಗೆ ಅಳುವೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಭಾವ ಹೇಳದೆ ಕೇಳದೆ ಹಾಸನಕ್ಕೆ ಬಂದರು. ಕಾಫಿ ಕುಡಿದರು, ಕೆಮ್ಮಿದರು, ನಮ್ಮ ಮನೆಗೆ ಬಂದಷ್ಟು ವರ್ಷಗಳಲ್ಲಿ ಒಮ್ಮೆಯೂ ದಾಟದ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತರು.

"ಏನವ್ವಾ, ಆಲು ಉಕ್ಕಾಕೆ ಎಷ್ಟೊತ್ತಾಯ್ತದೆ?"

ನಾನು ನಗು ನುಂಗಿಕೊಂಡು ಒಂದು ಪಾತ್ರೆ ಹಾಲಿಟ್ಟು, ಲೈಟರ್ ಅವರ ಕೈಗೆ ಕೊಟ್ಟೆ. ಎತ್ತು ಪಳಗಿಸಿದ ಕೈ ನಾಲ್ಕು ಸಲ ಲೈಟರ್ ಒತ್ತಿದ ಮೇಲೆ ಒಲೆ ಹತ್ತಿತು. ಹಾಲನ್ನು ದುರುಗುಟ್ಟಿ ನೋಡುತ್ತಾ ನಿಂತರು. "ಪಾಸ್‌ಪೋರ್ಟು ಬಂತು ಕಣವ್ವಾ" ಎಂದು ನನ್ನ ಕಡೆ ತಿರುಗಿದರು. ಅಷ್ಟೇ ಸಾಕಾಯಿತು. ನನ್ನ ಒಲೆಯ ಮೇಲೆಲ್ಲ ಹಾಲು. ಜೀವಮಾನದಲ್ಲಿ ಮೊದಲ ಸಲ ನಾನು ಬಟ್ಟೆಗೆ ಕೈ ಚಾಚಲಿಲ್ಲ.

ಹೀಗೆ ಭಾವ, ನಮ್ಮ ಯಜಮಾನರು, ನಾನು, ಮೂವರೂ ಹೋದೆವು. ಎರಡು ಕೋಣೆಯ ಮನೆ, ನೀಲಿ ಬಾಗಿಲು, ಹಿಂದೆ ಅಂಗೈಯಗಲ ಹಿತ್ತಲು. ಬಾಗಿಲಿನ ಪಕ್ಕದ ಫಲಕದಲ್ಲಿ ಅತ್ತಿಗೆಯ ಹೆಸರೊಂದೇ ಇತ್ತು. ಭಾವ ಕನ್ನಡಕ ಹಾಕಿಕೊಂಡು ಅದನ್ನು ಬೆರಳಿಟ್ಟು ಓದಿದರು. ಬೆಳಿಗ್ಗೆ ಉಲ್ಲನ್ ಬನಿಯನ್ನಿನ ಮೇಲೆ ಶಲ್ಯ ಹೊದ್ದು, ಪಂಚೆಯುಟ್ಟು ಒಲೆಯ ಮುಂದೆ ನಿಂತರು. ಬೆಂಕಿಯೇ ಕಾಣದ, ಗಾಜಿನ ಹಲಗೆಯಂಥ ಕರೆಂಟ್ ಒಲೆ. ತಟ್ಟೆ ಹಿಡಿದವಳು ಎಂದಿನಂತೆ ನಾನೇ. ಹಾಲು ಅಂಚಿಗೆ ಬಂತು, ನಿಂತಿತು, ಉಬ್ಬಿತು, ಉಕ್ಕಿತು! ಆ ಒಲೆ ಕೀಕೀ ಎಂದು ಕೂಗಿ ತಾನಾಗಿಯೇ ಆರಿಹೋಯಿತು.

"ಇದ್ಯಾಕ್ಲಾ ಇಂಗೆ ಅರಚ್ಕತದೆ?" ಎಂದು ಭಾವ ತಮ್ಮನನ್ನು ಕೇಳಿದರು. ಪಾಪ, ಅದು ಅನಾಹುತವಲ್ಲ, ಶುಭ ಎಂದು ಒಲೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸದ್ದು ಕೇಳಿ ಪಕ್ಕದ ಮನೆಯಿಂದ ಒಬ್ಬ ಹೆಂಗಸು ಏಪ್ರನ್ನಿನಲ್ಲೇ ಓಡಿಬಂದಳು. ಚೆಲ್ಲಿದ ಹಾಲು ಕಂಡವಳೇ ಬಟ್ಟೆ ಎಳೆದುಕೊಂಡು ಒರೆಸಲು ಮುಂದಾದಳು. ಅತ್ತಿಗೆ ಮೆಲ್ಲಗೆ ಅವಳ ಕೈ ಹಿಡಿದು ತಡೆದರು. ಆ ಕೈಯ ಅವಸರ ನನಗೆ ಎಷ್ಟು ಚೆನ್ನಾಗಿ ಗೊತ್ತು! ಅವಳಿಗೂ ಒಂದು ಲೋಟ ಹಾಲು ಕೊಟ್ಟೆವು.

ಆಮೇಲೆ ಅತ್ತಿಗೆ ಅಣ್ಣನನ್ನು ಕೂರಿಸಿ ಜರಿ ಪಂಚೆ, ಶಲ್ಯ, ತಾಂಬೂಲ ಕೊಟ್ಟರು. ಜೀವನವಿಡೀ ಕೊಟ್ಟೇ ರೂಢಿಯಾದ ಭಾವನಿಗೆ ತೆಗೆದುಕೊಳ್ಳಲು ಕೈ ಹೇಗೆ ಒಡ್ಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ತಂಗಿಯ ಹಾಗೆಯೇ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅವತ್ತಿನ ಆಲೂಗಡ್ಡೆ ಪಲ್ಯಕ್ಕೆ ಅತ್ತಿಗೆ ಉಪ್ಪು ಹೆಚ್ಚು ಹಾಕಿದ್ದರು. ಭಾವ ಎರಡನೆಯ ಸಲವೂ ಹಾಕಿಸಿಕೊಂಡರು.

ಮೊನ್ನೆ ಅರಕಲಗೂಡಿಗೆ ಹೋದಾಗ ಭಾವ ಜರಿ ಪಂಚೆಯುಟ್ಟು ಜಗಲಿಯ ಮೇಲೆ ಕೂತಿದ್ದರು. ಪಕ್ಕದ ಮನೆಯವರು ಕೇಳುತ್ತಿದ್ದರು: "ಅಲ್ಲಾ ಗೌಡ್ರೇ, ನಿಮ್ ತಂಗಿ ಮನೆ ಮಾಡಾಕೆ ಅಷ್ಟ್ ದೂರ ಓಗ್ಬೇಕಿತ್ತಾ?"

"ಓಗ್ಬೇಕಿತ್ತು ಕಣ್ಲಾ" ಎಂದರು ಭಾವ, ಮೀಸೆಯ ಮೇಲೆ ಕೈಯಾಡಿಸುತ್ತಾ. "ಇಲ್ಲೇ ಕಟ್ಟಿದ್ರೆ ನಾನು ಒಲೆ ಮುಂದೆ ನಿಂತಿರ್ತಿದ್ನಾ?"